ಒಂದು ಕ್ಷಣದ ತಡ

ತರಗತಿಯಲ್ಲಿ ಉಪಾಧ್ಯಾಯರು ಪ್ರಶ್ನೆ ಕೇಳುತ್ತಾರೆ. ಮಗು ಎದ್ದು ನಿಲ್ಲುತ್ತದೆ. ಉತ್ತರ ಬರುವುದಿಲ್ಲ. ಒಂದು ಕ್ಷಣ ಕಳೆಯುತ್ತದೆ. "ಗಮನ ಎಲ್ಲಿದೆ?" ಎಂಬ ಮಾತು ಉಪಾಧ್ಯಾಯರ ಬಾಯಿಂದ ತಾನಾಗಿಯೇ ಹೊರಬೀಳುತ್ತದೆ, ಪ್ರಶ್ನೆ ಪಕ್ಕದ ಮಗುವಿಗೆ ದಾಟಿಹೋಗುತ್ತದೆ. ಈ ಪ್ರಸಂಗ ನಡೆಯದ ಶಾಲೆ ಎಲ್ಲಿಯೂ ಇರಲಾರದು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಬೀಳುವ ಆ ತಡವನ್ನು ನಾವು ಸಾಮಾನ್ಯವಾಗಿ ಅಲಕ್ಷ್ಯವೆಂದೋ ಸೋಮಾರಿತನವೆಂದೋ ಕರೆದುಬಿಡುತ್ತೇವೆ. ಆದರೆ ಆ ತಡಕ್ಕೂ ಒಂದು ಚರಿತ್ರೆಯುಂಟು. ಮನಶ್ಶಾಸ್ತ್ರವು ಪ್ರಯೋಗವಿಜ್ಞಾನವಾಗಿ ಬೆಳೆದದ್ದೇ ಬಹುಮಟ್ಟಿಗೆ ಆ ತಡವನ್ನು ಅಳೆಯುವ ಯತ್ನದಿಂದ. ಆ ಚರಿತ್ರೆಯನ್ನು ನಮ್ಮ ಸಹೋದ್ಯೋಗಿಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ನಾವು ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿ, ಶಿಕ್ಷಕರ ತರಬೇತಿ ಮುಗಿಸಿ, ಕಂಬಂ ಕಣಿವೆಯ ಒಂದು ಊರಿನ ತಮಿಳು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿರುವವರು. ಭಾನುವಾರಗಳಲ್ಲಿ ಸಂಘದ ಪರವಾಗಿ ಕನ್ನಡ ಅಕ್ಷರಗಳನ್ನು ಕಲಿಸುತ್ತೇವೆ. ತೇನಿ, ದಿಂಡಿಗಲ್ ಸೀಮೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ತಮಿಳು ಮತ್ತು ಇಂಗ್ಲಿಷು, ಹೀಗೆ ಅವರ ಮಕ್ಕಳು ಬೆಳೆಯುತ್ತಾರೆ. ಮೂರನೆಯ ತರಗತಿಯಲ್ಲಿ ಅಂತಹ ಮನೆಯ ಹುಡುಗಿಯೊಬ್ಬಳಿದ್ದಳು. ಏನು ಕೇಳಿದರೂ ಅವಳು ತಕ್ಷಣ ಉತ್ತರಿಸುತ್ತಿರಲಿಲ್ಲ. ಕಣ್ಣು ಕೆಳಗೆ ಮಾಡಿ ನಿಲ್ಲುತ್ತಿದ್ದಳು. ನಾವು ಎರಡನೆಯ ಬಾರಿ ಕೇಳದೆ ಮುಂದಿನ ಮಗುವಿನ ಕಡೆಗೆ ತಿರುಗುತ್ತಿದ್ದೆವು. ಅವಳ ವರದಿಯಲ್ಲಿ "ಪಾಠದಲ್ಲಿ ಗಮನವಿಲ್ಲ" ಎಂದು ನಮ್ಮ ಕೈಯಿಂದಲೇ ಬರೆದೆವು. ಕೆಲವು ತಿಂಗಳಲ್ಲಿ ಅವಳು ಕೈಯೆತ್ತುವುದನ್ನೇ ಬಿಟ್ಟಳು. ಈ ಸಂಗತಿಗೆ ಮುಂದೆ ಮತ್ತೆ ಬರುತ್ತೇವೆ.

ಪೆರಿಯಕುಳಂ ಕಡೆಯ ಬಯಲಿನಲ್ಲಿ ನಿಂತು ತಲೆಯೆತ್ತಿದರೆ ಪಳನಿ ಬೆಟ್ಟಗಳ ಸಾಲು ಕಾಣುತ್ತದೆ. ಆ ಬೆಟ್ಟಗಳ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 2,340 ಮೀಟರ್ ಎತ್ತರದಲ್ಲಿ, ಕೊಡೈಕಾನಲ್ಲಿನ ಸೌರ ವೀಕ್ಷಣಾಲಯವಿದೆ. 1899ರಲ್ಲಿ ಸ್ಥಾಪನೆಯಾದ ಈ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದೆ. ಜಾನ್ ಎವರ್‌ಶೆಡ್ ಅವರು ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಕಂಡುಹಿಡಿದದ್ದು ಇಲ್ಲಿಯೇ. ಶಾಲೆಯಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಅವರು ದೊಡ್ಡ ದೂರದರ್ಶಕವನ್ನು ನೋಡಿ ಬೆರಗಾಗುತ್ತಾರೆ. ಮನಸ್ಸಿನ ಶಾಸ್ತ್ರದ ಒಂದು ಬೇರು ಇಂತಹ ವೀಕ್ಷಣಾಲಯಗಳಲ್ಲಿಯೇ ಇದೆ ಎಂದರೆ ಅವರು ನಂಬಲಾರರು. ಆದರೂ ಅದು ನಿಜ. ಅದನ್ನು ತಿಳಿಯಲು ನಾವು ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯಕ್ಕೆ, ಎರಡು ಶತಮಾನಗಳಿಗೂ ಹಿಂದಕ್ಕೆ ಹೋಗಬೇಕು.

ಅಂದಿನ ಖಗೋಳಜ್ಞರಿಗೆ ಒಂದು ನಿತ್ಯದ ಕೆಲಸವಿತ್ತು. ಒಂದು ನಕ್ಷತ್ರವು ದೂರದರ್ಶಕದೊಳಗೆ ಕಟ್ಟಿದ ಸೂಕ್ಷ್ಮವಾದ ತಂತಿಯನ್ನು ಯಾವ ಕ್ಷಣದಲ್ಲಿ ದಾಟಿತು ಎಂಬುದನ್ನು ಗುರುತಿಸಬೇಕು. ಗಡಿಯಾರವನ್ನು ತಿದ್ದುವುದಕ್ಕೂ ನಾವಿಕರಿಗೆ ಬೇಕಾದ ಪಂಚಾಂಗವನ್ನು ಸಿದ್ಧಪಡಿಸುವುದಕ್ಕೂ ಇದೇ ಆಧಾರ. ಖಗೋಳಜ್ಞನು ಗಡಿಯಾರವನ್ನು ಒಮ್ಮೆ ನೋಡಿಕೊಂಡು, ತರುವಾಯ ಅದರ ಟಿಕ್ ಟಿಕ್ ಸದ್ದನ್ನು ಕಿವಿಯಿಂದ ಎಣಿಸುತ್ತ, ಕಣ್ಣಿನಿಂದ ನಕ್ಷತ್ರವನ್ನು ಹಿಂಬಾಲಿಸುತ್ತಿದ್ದನು. ತಂತಿಯ ಹಿಂದಿನ ಟಿಕ್ಕಿಗೆ ನಕ್ಷತ್ರ ಎಲ್ಲಿತ್ತು, ಮುಂದಿನ ಟಿಕ್ಕಿಗೆ ಎಲ್ಲಿತ್ತು ಎಂಬುದನ್ನು ಮನಸ್ಸಿನಲ್ಲಿ ಹೋಲಿಸಿ, ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಕಾಲವನ್ನು ಅಂದಾಜು ಮಾಡುತ್ತಿದ್ದನು. ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ. ಎರಡನ್ನೂ ಕೂಡಿಸುವುದು ಮನಸ್ಸಿನ ಕೆಲಸ.

ಗ್ರೀನಿಚ್ಚಿನ ಮುಖ್ಯ ಖಗೋಳಜ್ಞ ನೆವಿಲ್ ಮಾಸ್ಕೆಲಿನ್. ಅವನ ಸಹಾಯಕ ಡೇವಿಡ್ ಕಿನ್ನಬ್ರೂಕ್. 1795ರಲ್ಲಿ ಸಹಾಯಕನು ಬರೆದ ಕಾಲವು ತನ್ನ ಕಾಲಕ್ಕಿಂತ ಅರ್ಧ ಸೆಕೆಂಡಿನಷ್ಟು ತಡವಾಗಿರುವುದನ್ನು ಮಾಸ್ಕೆಲಿನ್ ಗಮನಿಸಿದನು. ಮರುವರ್ಷದ ಹೊತ್ತಿಗೆ ಅಂತರ ಕಡಿಮೆಯಾಗುವ ಬದಲು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗಕ್ಕೆ ಬೆಳೆಯಿತು. ಇದೇನು ಮಹಾ ಎಂದು ವಾಚಕರು ಕೇಳಬಹುದು. ಭೂಮಧ್ಯರೇಖೆಯ ಬಳಿ ಭೂಮಿ ಒಂದು ಸೆಕೆಂಡಿಗೆ ಸುಮಾರು 465 ಮೀಟರ್ ತಿರುಗುತ್ತದೆ. ಆದ್ದರಿಂದ 0.8 ಸೆಕೆಂಡಿನ ತಪ್ಪು ನೆಲದ ಮೇಲೆ 370 ಮೀಟರಿಗೂ ಹೆಚ್ಚಿನ ತಪ್ಪಾಗುತ್ತದೆ. ಸಹಾಯಕನು ತಿದ್ದಿಕೊಳ್ಳಲು ಯತ್ನಿಸಿದನು, ಆಗಲಿಲ್ಲ. ಮಾಸ್ಕೆಲಿನ್ ವಿಷಾದದಿಂದಲೇ ಅವನನ್ನು ಕೆಲಸದಿಂದ ಬಿಡಿಸಿದನು. ಕಾರಣವನ್ನು ವೀಕ್ಷಣಾಲಯದ ದಾಖಲೆಯಲ್ಲಿಯೂ ಬರೆದಿಟ್ಟನು. ಕಿನ್ನಬ್ರೂಕನ ವರದಿಯಲ್ಲಿಯೂ "ಗಮನವಿಲ್ಲ" ಎಂಬ ಅರ್ಥದ ಸಾಲೊಂದು ಬಿದ್ದಿತು ಎನ್ನಬಹುದು.

ಸುಮಾರು ಎರಡು ದಶಕಗಳ ಬಳಿಕ ಈ ಪ್ರಸಂಗ ಕ್ಯೋನಿಗ್ಸ್‌ಬರ್ಗಿನ ಖಗೋಳಜ್ಞ ಬೆಸೆಲ್ ಅವರ ಕಣ್ಣಿಗೆ ಬಿದ್ದಿತು. ತಿದ್ದಿಕೊಳ್ಳಲು ಮನಸಾರೆ ಯತ್ನಿಸಿದವನೂ ತಿದ್ದಿಕೊಳ್ಳಲಾರದೆ ಹೋದನೆಂದರೆ ಇದು ಅಲಕ್ಷ್ಯವಾಗಿರಲಾರದು ಎಂದು ಅವರಿಗೆ ತೋರಿತು. ಅವರು ಬೇರೊಬ್ಬರನ್ನು ಪರೀಕ್ಷಿಸುವ ಮೊದಲು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. 1820ರ ದಶಕದಲ್ಲಿ ತಮ್ಮ ಕಾಲವನ್ನು ಇತರ ನಿಪುಣರ ಕಾಲದೊಡನೆ ಹೋಲಿಸಿದಾಗ ಅಂತರವು ಒಂದು ಸೆಕೆಂಡನ್ನೂ ಮೀರಿತ್ತು. ಆರ್ಗೆಲಾಂಡರ್ ಅವರಂತಹ ಹೆಸರಾಂತ ಖಗೋಳಜ್ಞರ ಕಾಲಕ್ಕೂ ಬೆಸೆಲ್ಲರ ಕಾಲಕ್ಕೂ ಅಷ್ಟು ವ್ಯತ್ಯಾಸ! ಇಲ್ಲಿ ಯಾರು ಸರಿ, ಯಾರು ತಪ್ಪು? ಪ್ರಶ್ನೆಯೇ ಸರಿಯಲ್ಲ. ಪ್ರತಿಯೊಬ್ಬರ ಮನಸ್ಸೂ ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ತನ್ನದೇ ಗತಿಯಲ್ಲಿ ಕೂಡಿಸುತ್ತದೆ. ಖಗೋಳಜ್ಞರು ಇದಕ್ಕೆ "ವೈಯಕ್ತಿಕ ಸಮೀಕರಣ" ಎಂಬ ಅರ್ಥ ಬರುವ ಹೆಸರಿಟ್ಟರು. ಮಾಸ್ಕೆಲಿನ್ ತನ್ನ ಕಾಲವನ್ನೇ ನಿಜವಾದ ಕಾಲವೆಂದು ಹಿಡಿದು ಸಹಾಯಕನ ಕಾಲವನ್ನು ತಡವೆಂದು ಎಣಿಸಿದ್ದನು. ಅಳೆಯುವವನಿಗೂ ಒಂದು ತಡವಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ನಮ್ಮ ದೇಶದಲ್ಲಿಯೂ ಈ ಬಗೆಯ ಕೆಲಸ ಮಾಡಿದವರಿದ್ದರು. ಮದ್ರಾಸ್ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಅವರು ನಕ್ಷತ್ರಗಳು ಯಾಮ್ಯೋತ್ತರ ರೇಖೆಯನ್ನು ದಾಟುವ ಕಾಲವನ್ನು ವರ್ಷಗಟ್ಟಲೆ ಗುರುತಿಸಿದವರು. ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರವೊಂದನ್ನು 1867ರಲ್ಲಿ ಕಂಡುಹಿಡಿದವರು. ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿದ 1874ರ ಸಂದರ್ಭದಲ್ಲಿ ಅವರು ಬರೆದ ಪುಸ್ತಿಕೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರಬಂದಿತು ಎಂಬುದು ನಾವು ಹೆಮ್ಮೆಪಡತಕ್ಕ ವಿಷಯ. ಮದ್ರಾಸಿನ ಆ ಪರಂಪರೆಯೇ ಕೊಡೈಕಾನಲ್ ಬೆಟ್ಟಕ್ಕೆ ಏರಿತು. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಸೂರ್ಯನ ಚಿತ್ರಗಳನ್ನು ಛಾಯಾಗ್ರಹಣ ಫಲಕಗಳ ಮೇಲೆ ಹಿಡಿದಿಡುತ್ತ ಬಂದರು. ಕಣ್ಣಿನ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಖಗೋಳಜ್ಞರಿಗೆ ಮನುಷ್ಯನ ತಡವು ತೊಡೆದುಹಾಕಬೇಕಾದ ಒಂದು ದೋಷವಾಗಿತ್ತು. ಆದರೆ ಅವರು ತೊಡೆದುಹಾಕಿದ್ದನ್ನು ಬೇರೆ ಕೆಲವರು ಎತ್ತಿಕೊಂಡು, ಇದೇನೆಂದು ನೋಡತೊಡಗಿದರು.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು 1850ರಲ್ಲಿ ಕಪ್ಪೆಯ ನರದ ಮೇಲೆ ಪ್ರಯೋಗ ಮಾಡಿ, ನರದಲ್ಲಿ ಸುದ್ದಿ ಹರಿಯುವ ವೇಗ ಸೆಕೆಂಡಿಗೆ ಸುಮಾರು 30 ಮೀಟರ್ ಮಾತ್ರವೆಂದು ತೋರಿಸಿದರು. ಅದುವರೆಗೆ ಈ ವೇಗವನ್ನು ಅಳೆಯಲಾಗದೆಂದೇ ಬಹುಮಂದಿ ಪಂಡಿತರು ಭಾವಿಸಿದ್ದರು. 1868ರಲ್ಲಿ ಹಾಲೆಂಡಿನ ಡೊಂಡರ್ಸ್ ಅವರು ಇನ್ನೂ ಮುಂದೆ ಹೋದರು. ಎಡಗಾಲಿಗೋ ಬಲಗಾಲಿಗೋ ಸಣ್ಣದೊಂದು ವಿದ್ಯುತ್ತಿನ ಸ್ಪರ್ಶ ಕೊಟ್ಟು, ಅದೇ ಕಡೆಯ ಕೈಯಿಂದ ಉತ್ತರಿಸಲು ಹೇಳಿದರು. ಯಾವ ಕಾಲೆಂದು ಮೊದಲೇ ತಿಳಿದಿದ್ದರೆ ಉತ್ತರ ಬೇಗ ಬರುತ್ತಿತ್ತು. ತಿಳಿಯದಿದ್ದರೆ ಸುಮಾರು ಹದಿನೈದನೆಯ ಒಂದು ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುತ್ತಿತ್ತು. ಆ ಹೆಚ್ಚಿನ ಕಾಲ ಎಲ್ಲಿಗೆ ಹೋಯಿತು? ಎಡವೋ ಬಲವೋ ಎಂದು ನಿರ್ಧರಿಸುವುದರಲ್ಲಿ ಹೋಯಿತು. ಅಂದರೆ ತಡವೆಂಬುದು ಖಾಲಿ ಕಾಲವಲ್ಲ. ಆ ಕಾಲದಲ್ಲಿ ಮನಸ್ಸು ಕೆಲಸ ಮಾಡುತ್ತಿರುತ್ತದೆ. ಉತ್ತರ ತಡವಾದಾಗ ಒಳಗೆ ಕೆಲಸ ಹೆಚ್ಚಾಗಿ ನಡೆಯುತ್ತಿರಬಹುದು. ಈ ಒಂದು ಮಾತನ್ನು ಪ್ರತಿಯೊಬ್ಬ ಉಪಾಧ್ಯಾಯರೂ ತರಗತಿಗೆ ಹೋಗುವ ಮುನ್ನ ನೆನೆಯತಕ್ಕದ್ದೆಂದು ನಮ್ಮ ಭಾವನೆ.

1879ರಲ್ಲಿ ವಿಲ್ಹೆಲ್ಮ್ ವುಂಟ್ ಅವರು ಲೈಪ್ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ತೆರೆದರು. ಪ್ರತಿಕ್ರಿಯೆಯ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುವ ಗಡಿಯಾರಗಳು ಅಲ್ಲಿದ್ದವು. ದೇಶವಿದೇಶಗಳಿಂದ ಶಿಷ್ಯರು ಬಂದು ಕಲಿತರು. ಆ ಗುರುಪರಂಪರೆಯ ಎರಡು ಕವಲುಗಳು ಭಾರತಕ್ಕೆ ಬಂದವು. ಒಂದು ಕವಲು ಅಮೆರಿಕದ ಮೂಲಕ ಬಂದಿತು. ವುಂಟರ ಶಿಷ್ಯ ಮ್ಯೂನ್‌ಸ್ಟರ್‌ಬರ್ಗ್ ಅವರಲ್ಲಿ ಹಾರ್ವರ್ಡಿನಲ್ಲಿ ಕಲಿತ ನರೇಂದ್ರನಾಥ ಸೇನಗುಪ್ತರು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ವಹಿಸಿಕೊಂಡರು. ಇನ್ನೊಂದು ಕವಲು ಕನ್ನಡನಾಡಿಗೇ ಬಂದಿತು. ವುಂಟರಲ್ಲಿ ಕಲಿತ ಇಂಗ್ಲೆಂಡಿನ ಸ್ಪಿಯರ್‌ಮನ್ ಅವರ ಶಿಷ್ಯರು ಎಂ. ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಿಂದ ಮರಳಿ ಬಂದ ಮೇಲೆ, 1924ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲರು; ಕಲ್ಕತ್ತೆಯಲ್ಲಿ ಈ ಶಾಸ್ತ್ರದ ಪಠ್ಯಕ್ರಮವನ್ನು ಮೊದಲು ರೂಪಿಸಿದವರೂ ಅವರೇ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ "ಆಕಾಶವಾಣಿ" ಎಂಬ ಹೆಸರಿನ ರೇಡಿಯೋ ಪ್ರಸಾರವನ್ನು ಆರಂಭಿಸಿದರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಕೇಳುವ ಮನಸ್ಸನ್ನು ಅರಿಯಲು ಹೊರಟವರು ಕೇಳುವ ಜನರ ಕಡೆಗೂ ತಿರುಗಿದರು.

ಪ್ರಯೋಗಾಲಯದ ಶಾಸ್ತ್ರ ಶಾಲೆಯ ಮಗುವಿನ ಬಳಿಗೆ ಬಂದದ್ದು ಇನ್ನೊಂದು ದಾರಿಯಿಂದ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಅವರು 1905ರಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯೊಂದನ್ನು ರಚಿಸಿದರು. ಹಿಂದೆ ಬಿದ್ದ ಮಗುವನ್ನು ಗುರುತಿಸಿ ಅದಕ್ಕೆ ತಕ್ಕ ಶಿಕ್ಷಣ ಕೊಡುವುದು ಅವರ ಗುರಿಯಾಗಿತ್ತು. ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಅಂದಿನ ಮುಂಬಯಿ ಕರ್ನಾಟಕದ ಮಕ್ಕಳ ನಡುವೆ ನಡೆಸಿದ ಈ ಕೆಲಸವನ್ನು ಅವರು 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದಿಗೂ ಅದು ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಇದರಲ್ಲಿ ನಮಗೊಂದು ಪಾಠವಿದೆ. ಪರಭಾಷೆಯ ಪ್ರಶ್ನೆಯನ್ನು ಹಾಗೆಯೇ ಕೇಳಿದರೆ ನಾವು ಅಳೆಯುವುದು ಮಗುವಿನ ಬುದ್ಧಿಯನ್ನಲ್ಲ, ಆ ಭಾಷೆಯ ಪರಿಚಯವನ್ನು. ಅಳತೆಗೋಲನ್ನು ಮಗುವಿನ ಭಾಷೆಗೆ ತರದೆ ಮಗುವನ್ನು ಅಳೆಯಲಾಗದು.

ಇನ್ನು ಅವಧಾನದ ವಿಚಾರ. ಗಮನಕ್ಕೆ ನಮ್ಮಲ್ಲಿ ಅವಧಾನವೆಂಬ ಹಳೆಯ ಹೆಸರುಂಟು. ಆ ಹೆಸರಿನ ಕಲೆಯೂ ಉಂಟು. ಅಷ್ಟಾವಧಾನಿಯು ಎಂಟು ಮಂದಿ ಪೃಚ್ಛಕರ ನಡುವೆ ಕುಳಿತು, ಒಬ್ಬರು ಒಡ್ಡಿದ ಸಮಸ್ಯೆಯನ್ನು ಪದ್ಯದಲ್ಲಿ ಪೂರ್ಣಗೊಳಿಸುತ್ತ, ಇನ್ನೊಬ್ಬರ ಅಪ್ರಸ್ತುತ ಪ್ರಶ್ನೆಗೆ ನಗುತ್ತ ಉತ್ತರಿಸುತ್ತ, ನಡುವೆ ಬಾರಿಸಿದ ಗಂಟೆಗಳನ್ನು ಎಣಿಸುತ್ತ ಹೋಗುತ್ತಾನೆ. ಕನ್ನಡದಲ್ಲಿ ಶತಾವಧಾನಿ ರಾ. ಗಣೇಶ್ ಅವರು ಈ ಕಲೆಯನ್ನು ಬೆಳೆಸಿದ್ದಾರೆ. ತಮಿಳಿನಲ್ಲಿ ನಾಗರಕೋವಿಲ್ ಬಳಿಯ ಕೋಟ್ಟಾರಿನ ಸೆಯ್ಗುತಂಬಿ ಪಾವಲರು 1907ರಲ್ಲಿ ಮದ್ರಾಸಿನಲ್ಲಿ ಶತಾವಧಾನ ನಡೆಸಿ ಹೆಸರಾದರು. ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ ಎಂಬುದು ಎಷ್ಟು ಕಠಿನವೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಆದ್ದರಿಂದಲೇ ಅದನ್ನು ಸಾಧಿಸಿದವರಿಗೆ ಶಾಲು ಹೊದಿಸಿದರು. ನಾವಾದರೋ ಕಪ್ಪುಹಲಗೆಯಲ್ಲಿ ಬರೆಯುತ್ತ, ಬಾಯಲ್ಲಿ ಬೇರೊಂದನ್ನು ಹೇಳುತ್ತ, ಅದನ್ನೂ ನೋಡು, ಇದನ್ನೂ ಕೇಳು, ಎರಡನ್ನೂ ಬರೆದುಕೋ ಎಂದು ಏಳು ವರ್ಷದ ಮಗುವಿಗೆ ಅಪ್ಪಣೆ ಮಾಡುತ್ತೇವೆ!

ಇದು ಸಾಮಾನ್ಯರಿಗೆ ಏಕೆ ಕಠಿನ ಎಂಬುದನ್ನು ಎರಡನೆಯ ಮಹಾಯುದ್ಧದ ತರುವಾಯ ಶೋಧಕರು ವಿವರವಾಗಿ ನೋಡಿದರು. 1953ರಲ್ಲಿ ಕಾಲಿನ್ ಚೆರಿ ಅವರು ಒಂದು ಕಿವಿಗೆ ಒಂದು ಮಾತು, ಇನ್ನೊಂದು ಕಿವಿಗೆ ಬೇರೊಂದು ಮಾತು ಕೇಳಿಸಿ, ಒಂದನ್ನು ಮಾತ್ರ ಒಡನೊಡನೆ ಹೇಳುತ್ತ ಹೋಗಲು ಹೇಳಿದರು. ಕೇಳುಗರು ಅದನ್ನು ಚೆನ್ನಾಗಿಯೇ ಹೇಳಿದರು. ಆದರೆ ಇನ್ನೊಂದು ಕಿವಿಯಲ್ಲಿ ಏನು ಹೇಳಲಾಯಿತೆಂಬುದು ಅವರಿಗೆ ಬಹುಮಟ್ಟಿಗೆ ತಿಳಿಯಲೇ ಇಲ್ಲ. 1956ರಲ್ಲಿ ಜಾರ್ಜ್ ಮಿಲ್ಲರ್ ಅವರು, ಒಮ್ಮೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುವಾಗ ನಮ್ಮ ಮನಸ್ಸು ಸುಮಾರು ಏಳು ಸಂಗತಿಗಳನ್ನಷ್ಟೇ ಹಿಡಿಯಬಲ್ಲದೆಂದು ತೋರಿಸಿದರು. ಇನ್ನೂ ಕಡಿಮೆಯೆಂದು ಈಚಿನ ಶೋಧಕರು ಹೇಳುತ್ತಾರೆ. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಅವರು ಒಂದು ಚಿಕ್ಕ ಚಲನಚಿತ್ರವನ್ನು ತೋರಿಸಿ, ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಬಾರಿ ಸಾಗಿಸಿದರೆಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಆಟಗಾರರ ಮಧ್ಯೆ ನಡೆದುಹೋದರು. ನೋಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಕಾಣಲೇ ಇಲ್ಲ! ಅವರಿಗೆ ಗಮನವಿರಲಿಲ್ಲವೆನ್ನಬಹುದೇ? ಗಮನವು ಪೂರ್ತಿಯಾಗಿ ಚೆಂಡಿನ ಮೇಲೆ ಇದ್ದುದರಿಂದಲೇ ಅವರು ಗೊರಿಲ್ಲಾವನ್ನು ಕಾಣಲಿಲ್ಲ.

ನಮ್ಮ ಸೀಮೆಯ ದಿನಬಳಕೆಯಲ್ಲಿಯೂ ಇದನ್ನು ನೋಡಬಹುದು. ಬೋಡಿನಾಯಕನೂರಿನಲ್ಲಿ ಏಲಕ್ಕಿ ಆರಿಸುವ ಹೆಂಗಸರ ಬೆರಳುಗಳು ಕಾಯಿಯ ಗಾತ್ರವನ್ನೂ ಹಸಿರನ್ನೂ ಕ್ಷಣಮಾತ್ರದಲ್ಲಿ ತಿಳಿದು ಬೇರ್ಪಡಿಸುತ್ತವೆ. ಜೊತೆಯವರೊಡನೆ ಮಾತನಾಡುತ್ತಲೇ ಅವರು ಆರಿಸಬಲ್ಲರು. ಹೊಸದಾಗಿ ಸೇರಿದವಳು ಮಾತಿಗೆ ಬಾಯಿ ತೆರೆದರೆ ಕೈ ನಿಲ್ಲುತ್ತದೆ. ಅಭ್ಯಾಸವಾದ ಕೆಲಸ ಗಮನವನ್ನು ಬೇಡುವುದಿಲ್ಲ. ಹೊಸ ಕೆಲಸ ಪೂರ್ತಿ ಗಮನವನ್ನು ಬೇಡುತ್ತದೆ. ಅಕ್ಷರ ಕಲಿಯುವ ಮಗುವಿನದೂ ಹೊಸದಾಗಿ ಸೇರಿದವಳ ಅವಸ್ಥೆಯೇ.

ಈ ಮಾತನ್ನು ಸೊಗಸಾಗಿ ತೋರಿಸಿದ ಪ್ರಯೋಗವೊಂದು 1935ರಷ್ಟು ಹಿಂದಿನದು. ಅಮೆರಿಕದ ಟೆನೆಸ್ಸಿ ಪ್ರಾಂತದ ಜೆ. ರಿಡ್ಲಿ ಸ್ಟ್ರೂಪ್ ಅವರು ಬಣ್ಣಗಳ ಹೆಸರನ್ನು ಬೇರೆ ಬಣ್ಣದ ಮಸಿಯಲ್ಲಿ ಅಚ್ಚು ಹಾಕಿಸಿದರು. "ಕೆಂಪು" ಎಂಬ ಪದ ಹಸಿರು ಮಸಿಯಲ್ಲಿದ್ದರೆ "ಹಸಿರು" ಎಂದು ಹೇಳಬೇಕು. ಬರಿಯ ಬಣ್ಣದ ಚೌಕಗಳಾದರೆ 100 ಬಣ್ಣಗಳನ್ನು ಹೇಳಲು ಸರಾಸರಿ 63 ಸೆಕೆಂಡು ಹಿಡಿಯಿತು. ಬೇರೆ ಮಸಿಯಲ್ಲಿ ಅಚ್ಚಾದ ಪದಗಳಾದರೆ ಅದೇ 100ಕ್ಕೆ ಸರಾಸರಿ 110 ಸೆಕೆಂಡು ಹಿಡಿಯಿತು. ಏಕೆಂದರೆ ಓದು ಬಲ್ಲವನು ಓದದೆ ಇರಲಾರನು. ಕಣ್ಣಿಗೆ ಬಿದ್ದೊಡನೆ ಪದವು ತಾನಾಗಿಯೇ ಒಳಗೆ ನುಗ್ಗಿ ಬಣ್ಣದ ಹೆಸರಿಗೆ ಅಡ್ಡ ನಿಲ್ಲುತ್ತದೆ. ಇಲ್ಲಿಯ ತಡವು ಅಜ್ಞಾನದಿಂದಲ್ಲ, ಜ್ಞಾನದಿಂದ ಬಂದದ್ದು!

ಈ ಪ್ರಯೋಗವನ್ನು ಓದಿ ತಿಳಿದ ಮೇಲೆ ಭಾನುವಾರದ ತರಗತಿಯಲ್ಲಿ ನಾವು ಅದನ್ನು ಆಟವನ್ನಾಗಿ ಮಾಡಿದೆವು. ಒಂದು ಹಾಳೆಯಲ್ಲಿ ತಮಿಳು ಲಿಪಿಯಲ್ಲಿ ಬಣ್ಣಗಳ ಹೆಸರು, ಇನ್ನೊಂದರಲ್ಲಿ ಕನ್ನಡ ಲಿಪಿಯಲ್ಲಿ. ಎರಡರಲ್ಲಿಯೂ ಹೆಸರೊಂದು, ಬಣ್ಣ ಮತ್ತೊಂದು. ಮಕ್ಕಳು ಬಣ್ಣವನ್ನು ಮನೆಮಾತಿನಲ್ಲಿ ಹೇಳಬೇಕು. ತಮಿಳು ಹಾಳೆಯಲ್ಲಿ ಎಲ್ಲರೂ ಎಡವಿದರು, ನಕ್ಕರು. ಕನ್ನಡದ ಹಾಳೆಯಲ್ಲಿ ಸರಾಗವಾಗಿ ಹೇಳಿಕೊಂಡು ಹೋದರು. ನೋಡಿದವರು ಕನ್ನಡದಲ್ಲಿ ಮಕ್ಕಳು ಎಷ್ಟು ಚುರುಕು ಎಂದಾರು. ನಿಜಸ್ಥಿತಿ ಬೇರೆ. ಕನ್ನಡ ಅವರ ನಾಲಿಗೆಯಲ್ಲಿತ್ತು, ಕಣ್ಣಿನಲ್ಲಿರಲಿಲ್ಲ. ತಾಯಿನುಡಿಯ ಅಕ್ಷರಗಳು ಅವರಿಗೆ ಬರಿಯ ಗೀಟುಗಳಾಗಿದ್ದವು. ಆದ್ದರಿಂದ ಅಡ್ಡ ಬರಲಿಲ್ಲ. ಆ ದಿನ ನಮಗೆ ಸಂತೋಷಕ್ಕಿಂತ ವ್ಯಥೆಯೇ ಹೆಚ್ಚಾಯಿತು.

ಮೇಲೆ ಹೇಳಿದ ಹುಡುಗಿಯೂ ಆ ತರಗತಿಗೆ ಬರುತ್ತಿದ್ದಳು. ಅಲ್ಲಿ ಅವಳು ಬೇರೆಯೇ ಮಗು. ಕನ್ನಡದಲ್ಲಿ ಕೇಳಿದ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಕರೆತರುತ್ತಿದ್ದ ಅಜ್ಜಿಯನ್ನು ಇದೇನೆಂದು ಕೇಳಿದೆವು. "ಪಳ್ಳಿಕೂಡದಲ್ಲಿ ನೀವು ಕೇಳಿದ್ದನ್ನು ಅವಳು ಮೊದಲು ನಮ್ಮ ಮಾತಿಗೆ ತರಬೇಕು, ಆಮೇಲೆ ಉತ್ತರವನ್ನು ನಿಮ್ಮ ಮಾತಿಗೆ ತರಬೇಕು. ಅಷ್ಟರಲ್ಲಿ ನೀವು ಮುಂದಿನವರನ್ನು ಕೇಳಿಬಿಡುತ್ತೀರಂತೆ" ಎಂದರು ಆ ತಾಯಿ. ಡೊಂಡರ್ಸ್ ಅವರು ಪ್ರಯೋಗಾಲಯದಲ್ಲಿ ಕಂಡದ್ದನ್ನು ಅವರು ಮನೆಯಲ್ಲಿ ಕಂಡಿದ್ದರು. ಅವಳ ತಡದಲ್ಲಿ ಎರಡು ಭಾಷಾಂತರಗಳು ಅಡಗಿದ್ದವು. ನಾವು ಅದಕ್ಕೆ "ಗಮನವಿಲ್ಲ" ಎಂದು ಬರೆದಿದ್ದೆವು. ಕನ್ನಡ ಬಲ್ಲ ನಾವೇ ಇದನ್ನು ಅರಿಯದೆ ಹೋದೆವೆಂಬುದು ಹೆಚ್ಚಿನ ನಾಚಿಕೆ.

ಕನ್ನಡದ ಅಕ್ಷರಗಳನ್ನು ಕಲಿಯುವುದಕ್ಕೂ ಕಾಲ ಬೇಕು. ಬೆಂಗಳೂರಿನ ಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗೆಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದು: ಇಂಗ್ಲಿಷಿನ ಕೆಲವೇ ಅಕ್ಷರಗಳಿಗೆ ಹಿಡಿಯುವುದಕ್ಕಿಂತ ಹೆಚ್ಚು ಕಾಲ ಕನ್ನಡದ ಅಕ್ಷರಗಳಿಗೆ ಹಿಡಿಯುತ್ತದೆ; ಪ್ರಾಥಮಿಕ ಶಾಲೆಯ ಮೂರು ನಾಲ್ಕು ವರ್ಷಗಳವರೆಗೂ ಆ ಕಲಿಕೆ ಮುಂದುವರಿಯುತ್ತದೆ. ಕಾಗುಣಿತ, ಒತ್ತಕ್ಷರಗಳನ್ನು ಕೂಡಿಸಿದರೆ ನಮ್ಮ ಅಕ್ಷರಗಳು ನೂರಾರು ಎಂಬುದು ನಮಗೆ ತಿಳಿದೇ ಇದೆ. ಹೀಗಿರುವಾಗ ಎರಡನೆಯ ತರಗತಿಯ ಮಗು "ಸ್ತ್ರೀ" ಎಂಬ ಅಕ್ಷರದ ಮುಂದೆ ನಿಂತುಬಿಟ್ಟರೆ ಅದನ್ನು ದಡ್ಡತನವೆನ್ನಲಾಗದು.

ಹಾಗಾದರೆ ಉಪಾಧ್ಯಾಯರು ಮಾಡತಕ್ಕದ್ದೇನು? ಇದಕ್ಕೂ ಅಳತೆಯ ಉತ್ತರವೊಂದಿದೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಶೋಧಕಿಯು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಎಷ್ಟು ಹೊತ್ತು ಕಾಯುತ್ತಾರೆಂದು ಅಳೆದರು. ಸರಾಸರಿ ಸುಮಾರು ಒಂದು ಸೆಕೆಂಡು! ಕಾಯುವ ಕಾಲವನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರ ಬಾರದೆ ಹೋಗುವುದು ಕಡಿಮೆಯಾಯಿತು, ಹಿಂದುಳಿದವರೆಂದು ಎಣಿಸಲಾಗಿದ್ದ ಮಕ್ಕಳೂ ಬಾಯಿ ತೆರೆದರು. ಬೆಸೆಲ್ ಖಗೋಳಜ್ಞರನ್ನು ಅಳೆದಂತೆ ಈಕೆ ಉಪಾಧ್ಯಾಯರನ್ನೇ ಅಳೆದರು. ಗಡಿಯಾರವನ್ನು ಮಗುವಿನ ಕಡೆಗೆ ಹಿಡಿಯುವ ಮೊದಲು ನಮ್ಮ ಕಡೆಗೆ ಹಿಡಿದುಕೊಳ್ಳಬೇಕೆಂಬುದು ಇಬ್ಬರೂ ಕಲಿಸಿದ ಪಾಠ.

ಎಲ್ಲ ತಡವೂ ಒಂದೇ ಬಗೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಿವಿ ಮಂದವಾದ ಮಗು ಪ್ರಶ್ನೆಯನ್ನೇ ಅರ್ಧ ಕೇಳಿರಬಹುದು. ಕಣ್ಣು ಮಂದವಾದ ಮಗುವಿಗೆ ಕಪ್ಪುಹಲಗೆ ಮಬ್ಬಾಗಿರಬಹುದು. ಬೆಳಗ್ಗೆ ಏನೂ ತಿನ್ನದೆ ಬಂದ ಮಗುವೂ ಇರಬಹುದು. ಇವುಗಳಿಗೆ ಕಾಯುವುದಷ್ಟೇ ಸಾಲದು. ವೈದ್ಯರಿಗೂ ತಜ್ಞರಿಗೂ ತೋರಿಸಬೇಕು. ಕಿವಿ ಮತ್ತು ಮಾತಿನ ತೊಂದರೆಗಳಿಗಾಗಿಯೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾಗಿದೆ. ಯಾವ ತಡ ಎಂತಹದೆಂದು ತಿಳಿಯಬೇಕಾದರೆ ಮೊದಲು ಅದನ್ನು ತಪ್ಪೆಂದು ಕರೆಯುವುದನ್ನು ನಿಲ್ಲಿಸಬೇಕು.

ಈಗ ನಾವು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತೇವೆ. ಮೊದಲ ವಾರ ಆ ಮೂರು ಸೆಕೆಂಡು ಮೂರು ಗಳಿಗೆಯಂತೆ ತೋರಿತು. ತಡೆಯಲಾರದೆ ಹಲವು ಬಾರಿ ನಡುವೆಯೇ ಬಾಯಿ ಹಾಕಿದೆವು. ಕ್ರಮೇಣ ಅಭ್ಯಾಸವಾಯಿತು. ಆ ಹುಡುಗಿ ತಕ್ಷಣ ಕೈಯೆತ್ತಲಿಲ್ಲ. ಒಮ್ಮೆ ಮುಚ್ಚಿದ ಬಾಯಿ ತೆರೆಯಲು ಬಹಳ ದಿನ ಹಿಡಿಯುತ್ತದೆಂಬುದನ್ನು ನಾವು ಆಗ ಕಲಿತೆವು. ಮಳೆಗಾಲ ಕಳೆದ ಮೇಲೆ ಒಂದು ದಿನ, ಮುಲ್ಲೈಪೆರಿಯಾರ್ ನೀರು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ, ನಮ್ಮ ಎಣಿಕೆ ಮೂರನ್ನು ಮುಟ್ಟುವಷ್ಟರಲ್ಲಿ ಅವಳು ಎದ್ದು, ಬೆಟ್ಟ ಕೊರೆದ ಸುರಂಗದಿಂದ ಬರುತ್ತದೆಂದು ತಮಿಳಿನಲ್ಲಿ ಹೇಳಿದಳು.

ಯುಗಾದಿಯ ಹೊತ್ತಿಗೆ ಭಾನುವಾರದ ತರಗತಿಯಲ್ಲಿ ಬಣ್ಣದ ಆಟವನ್ನು ಮತ್ತೆ ಆಡಿಸಿದೆವು. ಅಷ್ಟರಲ್ಲಿ ಮಕ್ಕಳು ಕಾಗುಣಿತವನ್ನು ದಾಟಿದ್ದರು. ಹಸಿರು ಬಣ್ಣದಲ್ಲಿ ಬರೆದ "ಕೆಂಪು" ಎಂಬ ಪದದ ಮುಂದೆ ಅವಳು ನಿಂತಳು. ತುಟಿ ಅಲುಗಿತು. "ಕೆಂ..." ಎಂದು ತಡೆದು, ನಕ್ಕು, "ಹಸಿರು" ಎಂದಳು. ಆ ಒಂದು ಕ್ಷಣದ ತಡವೇ ಅವಳಿಗೆ ಕನ್ನಡ ಓದಲು ಬಂದಿತೆಂಬುದಕ್ಕೆ ಪ್ರಮಾಣ. ಹಿಂದಿನ ಹಾಳೆಯ ಚುರುಕಿಗಿಂತ ಈ ಎಡವುವಿಕೆ ನಮಗೆ ಹೆಚ್ಚು ಪ್ರಿಯವಾಯಿತು.

ಕಿನ್ನಬ್ರೂಕನಿಗೆ ನ್ಯಾಯ ದೊರಕಿದ್ದು ಅವನು ತೀರಿಹೋದ ಎಷ್ಟೋ ಕಾಲದ ಮೇಲೆ. ನಮ್ಮ ತರಗತಿಯ ಮಕ್ಕಳು ಅಷ್ಟು ಕಾಲ ಕಾಯಬೇಕಾಗಿಲ್ಲ. ಅವರಿಗೆ ಬೇಕಾದುದು ಮೂರು ಸೆಕೆಂಡು. ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ನಾಳೆಯ ಮೊದಲ ಪ್ರಶ್ನೆಯಿಂದಲೇ ಅದನ್ನು ಕೊಟ್ಟು ನೋಡೋಣ. ವಿದ್ಯಾರ್ಥಿಗಳಿಗೂ ಒಂದು ಮಾತು: ಪಕ್ಕದ ಗೆಳೆಯನು ಉತ್ತರಕ್ಕೆ ತಡಮಾಡಿದಾಗ ನಗಬೇಡಿ, ಉತ್ತರವನ್ನು ಪಿಸುಗುಟ್ಟಲೂ ಬೇಡಿ. ಅವನ ಮನಸ್ಸು ಕೆಲಸದಲ್ಲಿದೆ, ಮುಗಿಸಲು ಬಿಡಿ.